ಊರಿಗೆ ಹೊರಟಿದ್ದೀರಾ? ಫಿಲ್ಮು, ಲೆನ್ಸಿನ ವಿಚಾರ ಸ್ವಲ್ಪ ಕೇಳಿ

ಮೇ ತಿಂಗಳು ಬಂತೆಂದರೆ ಮುಂಬಯಿಯ ನಮ್ಮವರ ಮನೆಗಳಲ್ಲಿ ಚೀಲ ಕಟ್ಟುವ ಗಡಿಬಿಡಿ. 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗ ಪೂರ್ತಿ ತೆರೆದ ಮೇಲಂತೂ ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿದರೆ ಬೆಳಗಾಗುವಾಗ ಉಡುಪಿ. ಈಚೆಗೆ ಆ ಚೀಲದೊಳಗೆ ಅಪ್ಪನ ಹಳೆಯ ಫಿಲ್ಮ್ ಕ್ಯಾಮರಾವೂ ಸೇರಿಕೊಳ್ಳುತ್ತಿದೆ. ಮಕ್ಕಳಿಗೆ ಅದರ ಹುಚ್ಚು ಹತ್ತಿದೆ, ಸಂತೋಷ. ಆದರೆ ರೋಲಿಗೆ ಇರುವುದು 36 ಚಿತ್ರ. ಫಿಲ್ಮಿನ ಬೆಲೆ, ತೊಳೆಸುವ ಖರ್ಚು ಎರಡೂ ಈಗ ಕಡಿಮೆಯೇನಲ್ಲ.

ಹೊರಡುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಊರಿನಿಂದ ಯಾವ ಚಿತ್ರ ತರಬೇಕು? ಮಲ್ಪೆಯ ಕಡಲು ಫೋನಿನಲ್ಲೂ ಚೆನ್ನಾಗಿಯೇ ಬರುತ್ತದೆ. ಬೇಕಾದದ್ದು ಚಾವಡಿಯಲ್ಲಿ ಕುಳಿತ ಅಜ್ಜಿಯ ಮುಖ. ಹಂಚಿನ ಮನೆಯ ಒಳಗೆ ಹಗಲಲ್ಲೂ ಬೆಳಕು ಮಂದ. ಫ್ಲ್ಯಾಶ್ ಹಾರಿಸಿದರೆ ಮುಖ ಬೆಳ್ಳಗೆ, ಹಿಂದೆಲ್ಲ ಕತ್ತಲೆ. ಅಜ್ಜಿ ಇರುತ್ತಾರೆ, ಮನೆ ಇರುವುದಿಲ್ಲ. ಆ ಮನೆಗಳೋ ಒಂದೊಂದಾಗಿ ಇಳಿದು ತಾರಸಿ ಮನೆಗಳು ಏಳುತ್ತಿವೆ.

ಹಾಗಾಗಿ 50 ಮಿ.ಮೀ., ಎಫ್ 1.8ರ ಸಾದಾ ಲೆನ್ಸೊಂದು ಜೊತೆಗಿರಲಿ. ಝೂಮ್ ಇದೆಯಲ್ಲ ಎನ್ನುತ್ತೀರಾ? ಅಗ್ಗದ ಝೂಮ್‌ಗಳು ತುದಿಗೆ ಎಳೆದಾಗ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಒಳಬರುವ ಬೆಳಕು ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು. ಈ ಲೆನ್ಸಿಗೆ 1/60 ಸೆಕೆಂಡು ಸಾಕಾಗುವ ಕಡೆ ಅದಕ್ಕೆ 1/6 ಬೇಕು. ಕೈ ಅಲುಗಿ ಅಜ್ಜಿ ಮಸುಕಾಗುತ್ತಾರೆ.

ಫಿಲ್ಮು 400 ವೇಗದ ಕಲರ್ ನೆಗೆಟಿವ್ ಇರಲಿ. ಬಿಸಿಲಿಗೆ 100 ಒಳ್ಳೆಯದೆಂದು ಹೇಳುವವರಿದ್ದಾರೆ, ಸುಳ್ಳಲ್ಲ. ಆದರೆ 400ರ ರೋಲನ್ನು ಹಂಪೆಯ ಸುಡುಬಿಸಿಲಲ್ಲೂ ಎಫ್ 16, 1/500ರಲ್ಲಿ ನಿಭಾಯಿಸಬಹುದು. 100ರ ರೋಲನ್ನು ಅಡುಗೆಮನೆಯಲ್ಲಿ ನಿಭಾಯಿಸುವುದು ಕಷ್ಟ. ಅನುಮಾನವಿದ್ದಲ್ಲಿ ಬೆಳಕು ಸ್ವಲ್ಪ ಹೆಚ್ಚೇ ಕೊಡಿ, ನೆಗೆಟಿವ್ ತಾಳಿಕೊಳ್ಳುತ್ತದೆ. ಸ್ಲೈಡ್ ಫಿಲ್ಮ್ ತಾಳುವುದಿಲ್ಲ. ಕಪಾಟಿನಲ್ಲಿ ಹಳೆಯ ಕೊಡಾಕ್ರೋಮ್ ಸಿಕ್ಕಿದರೆ ಹಾಕಬೇಡಿ: ಅದನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬು, ಅಮೆರಿಕದ ಕನ್ಸಾಸ್‌ನದು, 2010ರ ಡಿಸೆಂಬರ್ 30ಕ್ಕೆ ರೋಲು ಸ್ವೀಕರಿಸುವುದನ್ನೇ ನಿಲ್ಲಿಸಿತು.

ಎರಡನೆಯ ಲೆನ್ಸಿಗೆ ಜಾಗವಿದ್ದರೆ 28 ಮಿ.ಮೀ. ಕಾರ್ಕಳದ ಗೊಮ್ಮಟ, 1432ರಲ್ಲಿ ನಿಂತವನು, 42 ಅಡಿ ಎತ್ತರ. ಕ್ಯಾಮರಾ ಉದ್ದಕ್ಕೆ ಹಿಡಿದರೂ 50ರ ಲೆನ್ಸಿನಲ್ಲಿ ಅವನು ಪೂರ್ತಿ ಬರಲು ಸುಮಾರು 60 ಅಡಿ ಹಿಂದೆ ಸರಿಯಬೇಕು. 28ಕ್ಕೆ 35 ಅಡಿ ಸಾಕು. ಅತಿ ಹತ್ತಿರ ಹೋಗಿ ಮೇಲಕ್ಕೆತ್ತಿದಿರೋ, ಪಾದ ದೊಡ್ಡದಾಗಿ ತಲೆ ಪುಟ್ಟದಾಗುತ್ತದೆ.

ಹಂಪೆಗೆ ಹೋಗುವವರು ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲೆ ಕೋಣೆಯನ್ನು ತಪ್ಪಿಸಬೇಡಿ. ಗೋಡೆಯ ಕಿಂಡಿಯಿಂದ ರಾಜಗೋಪುರ ತಲೆಕೆಳಗಾಗಿ ಎದುರು ಗೋಡೆಯ ಮೇಲೆ ಬೀಳುತ್ತದೆ. ಲೆನ್ಸೇ ಇಲ್ಲದ ಕ್ಯಾಮರಾ! ಮಕ್ಕಳಿಗೆ ತೋರಿಸಿದರೆ ಅರ್ಧ ಪಾಠ ಅಲ್ಲೇ ಮುಗಿಯಿತು.

ಫೋರ್ಟಿನ ಬೋರಾ ಬಜಾರಿನಲ್ಲಿ ಹಳೆಯ ಲೆನ್ಸು ಕೊಳ್ಳುವುದಾದರೆ ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಮುಂಬಯಿ ಮಳೆಗಾಲದ ಕೊಡುಗೆ, ಬೇಡವೆನ್ನಿ. ವಿಮಾನದಲ್ಲಿ ಹೋಗುವವರು ರೋಲುಗಳನ್ನು ಕೈಚೀಲದಲ್ಲೇ ಇಟ್ಟುಕೊಂಡು, ಯಂತ್ರಕ್ಕೆ ಹಾಕದೆ ಕೈಯಿಂದ ಪರೀಕ್ಷಿಸುವಂತೆ ವಿನಂತಿಸಿ. ತಿರುಗಿ ಬಂದವರೇ, ಜೂನ್ ಮಳೆಯ ತೇವ ತಗಲುವ ಮೊದಲೇ ರೋಲು ತೊಳೆಸಿ. ಸ್ಕ್ಯಾನ್ ಕೈಸೇರಿತೆಂದು ಸುಮ್ಮನಾಗದೆ ನೆಗೆಟಿವ್‌ಗಳನ್ನೂ ಕೇಳಿ ತನ್ನಿ, ಲಕೋಟೆಯ ಮೇಲೆ ಊರು, ಇಸವಿ, ಚಿತ್ರದಲ್ಲಿರುವವರ ಹೆಸರು ಬರೆದಿಡಿ.