ಎರಡು ರೈಲುದಾರಿಗಳು ಕೂಡುವ ಊರು

ಭೂಪಟವನ್ನು ಬಿಡಿಸಿ ನೋಡಿದರೆ ತಾಂಡೂರು ಜಹೀರಾಬಾದಿಗೆ ಹೆಚ್ಚು ಕಡಿಮೆ ನೇರ ದಕ್ಷಿಣಕ್ಕಿದೆ. ಹಕ್ಕಿ ಹಾರುವಂತೆ ಹೋದರೆ ಈ ಎರಡು ಊರುಗಳ ನಡುವಣ ದೂರ ಸುಮಾರು ಐವತ್ತು ಕಿಲೋಮೀಟರು ಮಾತ್ರ. ಎರಡು ಊರುಗಳಿಗೂ ರೈಲುನಿಲ್ದಾಣಗಳಿವೆ. ಆದರೆ ಜಹೀರಾಬಾದಿನ ಪ್ರಯಾಣಿಕನು ರೈಲಿನಲ್ಲಿ ತಾಂಡೂರಿಗೆ ಹೋಗಬೇಕಾದರೆ ಮೊದಲು ಆಗ್ನೇಯ ದಿಕ್ಕಿಗೆ ಸಾಗಿ ವಿಕಾರಾಬಾದನ್ನು ಸೇರಬೇಕು. ಅಲ್ಲಿಂದ ಪುನಃ ಪಶ್ಚಿಮಕ್ಕೆ ತಿರುಗಿ ಬರಬೇಕು. ಹೀಗೆ ದೂರವು ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ನಾರಾಯಣಖೇಡದವರಿಗಾದರೋ ತಮ್ಮ ಊರಿನಲ್ಲಿ ರೈಲೇ ಇಲ್ಲ. ಅವರು ರಸ್ತೆಯ ಮಾರ್ಗವಾಗಿ ಬೀದರನ್ನೋ ಜಹೀರಾಬಾದನ್ನೋ ಮುಟ್ಟಿದ ಮೇಲೆಯೇ ರೈಲುಬಂಡಿಯ ಮಾತು. ಹೀಗೇಕೆ ಆಯಿತೆಂಬ ಪ್ರಶ್ನೆಗೆ ಉತ್ತರವು ವಿಕಾರಾಬಾದಿನ ಕೂಡುನಿಲ್ದಾಣದ ಇತಿಹಾಸದಲ್ಲಿದೆ.

ರೈಲುದಾರಿಗಳು ಒಂದನ್ನೊಂದು ಸಂಧಿಸುವ ಬಗೆಗಳು ಹಲವು. ಒಂದು ದಾರಿ ಇನ್ನೊಂದನ್ನು ನೆಲಮಟ್ಟದಲ್ಲಿಯೇ ಅಡ್ಡಲಾಗಿ ದಾಟಿ ಮುಂದೆ ಹೋಗುವುದುಂಟು. ಹಳಿಗಳು ಅಲ್ಲಿ ವಜ್ರಾಕೃತಿಯಲ್ಲಿ ಹೆಣೆದುಕೊಳ್ಳುವುದರಿಂದ ಅದಕ್ಕೆ ಡೈಮಂಡ್ ಕ್ರಾಸಿಂಗ್ ಎಂದು ಹೆಸರು. ನಾಗಪುರದಲ್ಲಿರುವ ಅಂತಹ ಸ್ಥಳವು ಪ್ರಸಿದ್ಧವಾದುದು. ಇನ್ನೊಂದು ಬಗೆಯಲ್ಲಿ ಒಂದು ದಾರಿಯಿಂದ ಇನ್ನೊಂದು ಕವಲೊಡೆಯುತ್ತದೆ. ಇದೇ ಜಂಕ್ಷನ್ನು, ವಿಕಾರಾಬಾದು ಈ ಬಗೆಯದು. ನಮ್ಮ ಕಡೆ ಜನರು ‘ಕ್ರಾಸಿಂಗ್ ಇದೆ’ ಎಂದು ಹೇಳುವುದು ಮೂರನೆಯ ಅರ್ಥದಲ್ಲಿ. ಒಂಟಿಹಳಿಯ ಮೇಲೆ ಎದುರುಬದುರಾಗಿ ಬರುವ ಎರಡು ಬಂಡಿಗಳಲ್ಲಿ ಒಂದು ನಿಲ್ದಾಣದಲ್ಲಿ ಪಕ್ಕದ ಹಳಿಗೆ ಸರಿದು ನಿಂತು ಇನ್ನೊಂದಕ್ಕೆ ದಾರಿ ಬಿಡುವುದನ್ನೇ ಅವರು ಹಾಗೆ ಕರೆಯುವರು.

ವಿಕಾರಾಬಾದಿನ ಮೂಲಕ ಹಾದುಹೋಗುವ ಹಿರಿಯ ದಾರಿ ವಾಡಿಯಿಂದ ಸಿಕಂದರಾಬಾದಿಗೆ ಹೋಗುವುದು. ನಮ್ಮ ದೇಶದಲ್ಲಿ ಮೊದಲ ಪ್ರಯಾಣಿಕ ರೈಲು 1853ರಲ್ಲಿ ಮುಂಬಯಿಯಿಂದ ಠಾಣೆಗೆ ಓಡಿತು. ಅದನ್ನು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪೆನಿಯವರು ಸೊಲ್ಲಾಪುರ, ಕಲಬುರಗಿ, ವಾಡಿಗಳ ಮೇಲೆ ಹಳಿಗಳನ್ನು ಹಾಸುತ್ತ 1871ರಲ್ಲಿ ರಾಯಚೂರನ್ನು ತಲಪಿದರು. ಅಲ್ಲಿ ಮದರಾಸಿನ ಕಡೆಯಿಂದ ಬಂದ ದಾರಿಯೂ ಕೂಡಿಕೊಂಡಿತು. ಮುಂಬಯಿ ಮದರಾಸುಗಳನ್ನು ಜೋಡಿಸಿದ ಈ ದಾರಿ ಹೈದರಾಬಾದು ಸಂಸ್ಥಾನದೊಳಗೇ ಹಾದುಹೋದರೂ ರಾಜಧಾನಿಯನ್ನು ಮುಟ್ಟಲಿಲ್ಲ. ರಾಜಧಾನಿಯ ಮಗ್ಗುಲಲ್ಲಿದ್ದ ಸಿಕಂದರಾಬಾದಿನ ದಂಡಿನ ಪ್ರದೇಶಕ್ಕೆ ರೈಲು ಬೇಕೆಂಬುದು ಬ್ರಿಟಿಷರ ಇಚ್ಛೆಯಾಗಿತ್ತು. ಮೊದಲನೆಯ ಸಾಲಾರ್‌ಜಂಗರು ದಿವಾನರಾಗಿದ್ದ ಕಾಲದಲ್ಲಿ ಸಂಸ್ಥಾನದ ವೆಚ್ಚದಿಂದ ವಾಡಿ–ಸಿಕಂದರಾಬಾದು ದಾರಿಯು ನಿರ್ಮಾಣವಾಗಿ 1874ರಲ್ಲಿ ತೆರೆಯಿತು. ಚಿತ್ತಾಪುರ, ರಾಷ್ಟ್ರಕೂಟರ ಮಾನ್ಯಖೇಟವಾದ ಮಳಖೇಡದ ಸೀಮೆ, ಸೇಡಂ, ತಾಂಡೂರು, ವಿಕಾರಾಬಾದು ಇವು ಈ ದಾರಿಗೆ ಸೇರಿದುವು. ಸೇಡಂ ತಾಂಡೂರುಗಳ ಹಾಸುಗಲ್ಲು ಮತ್ತು ತೊಗರಿ ದೂರದ ಪೇಟೆಗಳಿಗೆ ಹೋಗುವ ಮಾರ್ಗ ಇದರಿಂದ ಸುಗಮವಾಯಿತು.

ಹಣ ಕೊಡುವವರು ಯಾರು, ಲಾಭ ಪಡೆಯುವವರು ಯಾರು ಎಂಬ ವಿಚಾರವು ಆ ಕಾಲದಲ್ಲಿಯೇ ಎದ್ದಿತು. ಈ ದಾರಿಯನ್ನು ಚಾಂದಾದ ಕಲ್ಲಿದ್ದಲ ಸೀಮೆಯವರೆಗೆ ಬೆಳೆಸುವ ಯೋಜನೆಯು ಹುಟ್ಟಿದಾಗ, ಅದರ ಕರಾರುಗಳನ್ನು ಜನರಿಗೆ ತಿಳಿಸಬೇಕೆಂದು ಹೈದರಾಬಾದಿನ ವಿದ್ಯಾವಂತರು ಒತ್ತಾಯಿಸಿದರು. ಅವರಲ್ಲಿ ಪ್ರಮುಖರಾದ ಅಘೋರನಾಥ ಚಟ್ಟೋಪಾಧ್ಯಾಯರನ್ನು ಸರ್ಕಾರವು 1883ರಲ್ಲಿ ಸಂಸ್ಥಾನದಿಂದ ಹೊರಹಾಕಿತು. ಇವರು ಶಿಕ್ಷಣವೇತ್ತರು, ಸರೋಜಿನಿ ನಾಯಿಡು ಅವರ ತಂದೆ. ತರುವಾಯ ದಾರಿಯು ಒಂದು ಕಂಪೆನಿಯ ಕೈಸೇರಿತು. ಕಂಪೆನಿ ಹೂಡಿದ ಬಂಡವಾಳಕ್ಕೆ ಶೇಕಡಾ 5ರಂತೆ ಬಡ್ಡಿಯು ಸಲ್ಲುವುದೆಂದು ಸಂಸ್ಥಾನವು ಖಾತರಿ ಕೊಟ್ಟಿತು. ‘ನಿಜಾಮ್ಸ್ ಗ್ಯಾರಂಟೀಡ್ ಸ್ಟೇಟ್ ರೈಲ್ವೆ’ ಎಂಬ ಉದ್ದನೆಯ ಹೆಸರಿನಲ್ಲಿರುವ ಗ್ಯಾರಂಟಿ ಎಂಬ ಮಾತಿನ ಅರ್ಥ ಇದೇ. ರೈಲಿಗೆ ನಷ್ಟ ಬಂದರೂ ಬಡ್ಡಿಯ ಭಾರ ಬೊಕ್ಕಸದ ಮೇಲೆ, ಎಂದರೆ ಕಂದಾಯ ಕೊಡುವ ರೈತನ ಮೇಲೆ, ಬೀಳುತ್ತಿತ್ತು.

ವಿಕಾರಾಬಾದು ಜಂಕ್ಷನ್ನಾದುದು ಇದಾದ ಅರ್ಧ ಶತಮಾನದ ಮೇಲೆ. 1930ರಲ್ಲಿ ನಿಜಾಮ್ ಸರ್ಕಾರವು ರೈಲನ್ನು ಕಂಪೆನಿಯಿಂದ ಕೊಂಡುಕೊಂಡಿತು. ಆ ವರ್ಷದ ಆಸುಪಾಸಿನಲ್ಲಿಯೇ ವಿಕಾರಾಬಾದಿನಿಂದ ವಾಯವ್ಯಕ್ಕೆ ಹೊಸ ದಾರಿಯೊಂದು ಹೊರಟು ಕೊಹೀರು, ಜಹೀರಾಬಾದುಗಳ ಮೇಲೆ ಬೀದರಿಗೂ, ಅನಂತರ ಭಾಲ್ಕಿ, ಕಮಲನಗರ, ಉದಗೀರಗಳ ಮೂಲಕ ಪರಳಿ ವೈಜನಾಥಕ್ಕೂ ತಲಪಿತು. ಪರಳಿಯ ಜ್ಯೋತಿರ್ಲಿಂಗದ ದರ್ಶನಕ್ಕೆ ಹೋಗುವ ಭಕ್ತರಿಗೂ, ಕಾಳುಕಡ್ಡಿ ಹತ್ತಿಗಳನ್ನು ಸಾಗಿಸುವ ವ್ಯಾಪಾರಿಗಳಿಗೂ ಇದು ಉಪಯುಕ್ತವಾಯಿತು.

ಜಂಕ್ಷನ್ನಿನ ಆಕಾರವನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಹುಡುಗರು ಕವಣೆಗಾಗಿ ಆರಿಸುವ ಕವೆಗೋಲನ್ನು ನೆನೆದುಕೊಳ್ಳಿರಿ. ಅದರ ಹಿಡಿ ಪೂರ್ವಕ್ಕೆ, ಹೈದರಾಬಾದಿನ ಕಡೆಗಿದೆ. ಒಂದು ಕವಲು ತಾಂಡೂರು ವಾಡಿಗಳ ಕಡೆಗೂ ಇನ್ನೊಂದು ಜಹೀರಾಬಾದು ಬೀದರಗಳ ಕಡೆಗೂ ಚಾಚಿವೆ. ಹಿಡಿಯಿಂದ ಯಾವ ಕವಲಿಗಾದರೂ ಬಂಡಿಯು ನೇರವಾಗಿ ಸಾಗಬಲ್ಲದು. ಆದರೆ ಒಂದು ಕವಲಿನಿಂದ ಇನ್ನೊಂದಕ್ಕೆ ಹೋಗಬೇಕಾದ ಬಂಡಿ ಕವೆಯ ಬುಡದವರೆಗೆ ಬಂದು, ಎಂಜಿನನ್ನು ಇನ್ನೊಂದು ತುದಿಗೆ ಕಟ್ಟಿಸಿಕೊಂಡು ಹಿಂದಿರುಗಬೇಕು. ರಾಜಧಾನಿಗೆ ಹೋಗಿಬರುವವರ ಅನುಕೂಲವನ್ನು ನೋಡಿ ಹಾಕಿದ ದಾರಿಗಳಿವು. ಬೀದರು ಜಿಲ್ಲೆಯವರು ಗುಲ್ಬರ್ಗಾ ಜಿಲ್ಲೆಗೆ ಹೋಗುವ ಅಗತ್ಯ ಈ ಆಕಾರದಲ್ಲಿ ಎಣಿಕೆಗೆ ಬಂದಿಲ್ಲ.

ಕವಲಿನಲ್ಲಿ ಬಂಡಿಯು ದಾರಿ ತಿರುಗುವ ಕ್ರಮವನ್ನು ವಿದ್ಯಾರ್ಥಿಗಳು ತಿಳಿಯಬೇಕು. ಬಸ್ಸಿನ ಚಾಲಕನಂತೆ ರೈಲಿನ ಚಾಲಕನು ಚಕ್ರವನ್ನು ತಿರುಗಿಸುವುದಿಲ್ಲ. ದಾರಿಯನ್ನು ಆರಿಸುವುದು ಹಳಿಯೇ. ಕವಲೊಡೆಯುವ ಸ್ಥಳದಲ್ಲಿ ತುದಿ ಚೂಪಾಗಿರುವ ಎರಡು ಚಲಿಸುವ ಹಳಿಗಳಿರುತ್ತವೆ. ಇವಕ್ಕೆ ಪಾಯಿಂಟು ಎನ್ನುವರು. ಇವು ಕೆಲವೇ ಅಂಗುಲ ಸರಿದು, ಒಮ್ಮೆ ಎಡಗಡೆಯ ಹಳಿಗೂ ಒಮ್ಮೆ ಬಲಗಡೆಯ ಹಳಿಗೂ ಒತ್ತಿ ನಿಲ್ಲುತ್ತವೆ. ಚಕ್ರದ ಒಳಮಗ್ಗುಲಲ್ಲಿರುವ ಏಣು ಆ ಹಳಿಯನ್ನು ಅನುಸರಿಸುವುದರಿಂದ ಇಡೀ ಬಂಡಿಯು ಆ ಕಡೆಗೆ ಹೊರಳುತ್ತದೆ. ಪಾಯಿಂಟು ಸರಿಯಾಗಿ ಕೂಡದಿದ್ದರೆ ಬಂಡಿ ಹಳಿ ತಪ್ಪುವುದು. ಆದಕಾರಣ ಪಾಯಿಂಟಿಗೂ ಸಿಗ್ನಲ್ಲಿಗೂ ಒಂದನ್ನೊಂದು ಬಂಧಿಸುವ ಏರ್ಪಾಡಿದೆ. ಪಾಯಿಂಟು ನಿಗದಿಯಾದ ಕಡೆಗೆ ಕೂಡಿ ಬೀಗ ಬಿದ್ದ ಹೊರತು ಆ ದಾರಿಯ ಸಿಗ್ನಲ್ಲು ಬಿಡದು. ಸಿಗ್ನಲ್ಲು ಬಿಟ್ಟ ಮೇಲೆ ಪಾಯಿಂಟನ್ನು ಕದಲಿಸಲಾಗದು. ಹಿಂದೆ ಉದ್ದವಾದ ಸನ್ನೆಗೋಲುಗಳೂ ತಂತಿಗಳೂ ಮಾಡುತ್ತಿದ್ದ ಈ ಕೆಲಸವನ್ನು ಈಗ ವಿದ್ಯುತ್ ಯಂತ್ರಗಳು ಮಾಡುತ್ತವೆ. ನಿಯಮ ಮಾತ್ರ ಅದೇ.

ಒಂಟಿಹಳಿಯ ದಾರಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಇನ್ನೊಂದು ಉಪಾಯವೂ ಸ್ವಾರಸ್ಯವಾದುದು. ನೆರೆಯ ಎರಡು ನಿಲ್ದಾಣಗಳಲ್ಲಿ ಪರಸ್ಪರ ತಂತಿಯಿಂದ ಕೂಡಿದ ಯಂತ್ರಗಳಿದ್ದುವು. ಅವುಗಳೊಳಗೆ ಲೋಹದ ಗುಂಡುಗಳು. ಒಮ್ಮೆಗೆ ಒಂದು ಗುಂಡು ಮಾತ್ರ ಹೊರಬರುವುದು. ಅದು ಮುಂದಿನ ನಿಲ್ದಾಣದ ಯಂತ್ರವನ್ನು ಸೇರುವವರೆಗೆ ಎರಡು ಕಡೆಯೂ ಇನ್ನೊಂದು ಗುಂಡು ಬಾರದು. ಗುಂಡು ಕೈಯಲ್ಲಿಲ್ಲದೆ ಚಾಲಕನು ನಿಲ್ದಾಣವನ್ನು ಬಿಡುವಂತಿಲ್ಲ. ಹೀಗೆ ಎರಡು ಬಂಡಿಗಳು ಒಂದೇ ಹಳಿಯ ಮೇಲೆ ಎದುರಾಗದಂತೆ ಒಂದು ಸಣ್ಣ ಗುಂಡು ನೂರಾರು ಜನರ ಪ್ರಾಣವನ್ನು ಕಾಯುತ್ತಿತ್ತು.

ಹಳಿಗಳು ಕದಲದೆ ಇದ್ದ ಸ್ಥಳದಲ್ಲಿಯೇ ಇದ್ದುವು. ಸುತ್ತಲಿನ ಎಲ್ಲೆಗಳು ಬದಲಾದುವು. 1948ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳು ರಚನೆಯಾದಾಗ ಬೀದರು ಜಿಲ್ಲೆಯ ನಾರಾಯಣಖೇಡ ತಾಲೂಕೂ, ಜಹೀರಾಬಾದು ತಾಲೂಕಿನ ಬಹುಭಾಗವೂ, ಗುಲ್ಬರ್ಗಾ ಜಿಲ್ಲೆಯ ತಾಂಡೂರು ತಾಲೂಕೂ ಆಂಧ್ರಪ್ರದೇಶಕ್ಕೆ ಸೇರಿದುವು. 2014ರಿಂದ ಇವು ತೆಲಂಗಾಣ ರಾಜ್ಯದಲ್ಲಿವೆ. ಪರಳಿಯ ದಾರಿಯಲ್ಲಿ ಹೋಗುವವನು ಇಂದು ಜಹೀರಾಬಾದಿನಲ್ಲಿ ತೆಲಂಗಾಣವನ್ನೂ, ಬೀದರು ಭಾಲ್ಕಿಗಳಲ್ಲಿ ಕರ್ನಾಟಕವನ್ನೂ, ಉದಗೀರದಲ್ಲಿ ಮಹಾರಾಷ್ಟ್ರವನ್ನೂ ಕಾಣುತ್ತಾನೆ. ತಾಂಡೂರಿನಿಂದ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಸೇಡಂ, ಅದು ಕರ್ನಾಟಕ. ಎಲ್ಲೆಗಳ ಈಚೆಗೂ ಆಚೆಗೂ ಕನ್ನಡ ಮನೆಗಳಿವೆ, ಬೀಗರಿದ್ದಾರೆ, ಜಾತ್ರೆಗಳಿವೆ.

ಆಡಳಿತವು ಬೇರೆಯಾದ ಮೇಲೆ ಈಚೆಗೆ ಉಳಿದ ಕನ್ನಡ ಕುಟುಂಬಗಳಿಗೆ ಬೀದರು ಕಲಬುರಗಿಗಳ ನಂಟು ಇನ್ನಷ್ಟು ಬೇಕಾಯಿತು. ಕನ್ನಡದಲ್ಲಿ ಓದಿದ ಮಕ್ಕಳು ಮುಂದಿನ ವ್ಯಾಸಂಗಕ್ಕೆ ಹೋಗಬಯಸುವುದು ಆ ಊರುಗಳಿಗೇ. ಆದರೆ ಕವೆಗೋಲಿನ ಎರಡು ತುದಿಗಳನ್ನು ಜೋಡಿಸುವ ಹಳಿ ಇರಲಿಲ್ಲ. ಬೀದರಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕಾದರೆ ವಿಕಾರಾಬಾದಿಗೆ ಇಳಿದು, ಬಂಡಿ ಬದಲಾಯಿಸಿ, ವಾಡಿಯ ಮೇಲೆ ಸುತ್ತಬೇಕಾಗಿತ್ತು. ಆದುದರಿಂದ ಜನರು ರೈಲನ್ನು ಬಿಟ್ಟು ಬಸ್ಸನ್ನೇ ನೆಚ್ಚಿದರು. ಈ ಕೊರತೆಯು ನೀಗಿದುದು 2017ರ ಅಕ್ಟೋಬರ್ 29ರಂದು. ಹುಮನಾಬಾದು, ಕಮಲಾಪುರಗಳ ಮೇಲೆ ಹೋಗುವ ಸುಮಾರು 110 ಕಿಲೋಮೀಟರುಗಳ ಬೀದರು–ಕಲಬುರಗಿ ದಾರಿ ಅಂದು ಉದ್ಘಾಟನೆಯಾಯಿತು. ವಿಕಾರಾಬಾದಿನ ಸುತ್ತುದಾರಿ ಇದರ ಎರಡು ಪಾಲಿಗಿಂತಲೂ ಹೆಚ್ಚು. ಕವಲೊಡೆದ ದಾರಿಗಳು ಇನ್ನೊಂದು ಕಡೆಯಿಂದ ಕೂಡಲು ಎಂಬತ್ತಕ್ಕೂ ಹೆಚ್ಚು ವರ್ಷಗಳು ಹಿಡಿದುವು.

ಹಾಗೆಂದು ವಿಕಾರಾಬಾದನ್ನು ಹಳಿಯಲಾಗದು. ಅನಂತಗಿರಿಯ ಬೆಟ್ಟಗಳ ಮಗ್ಗುಲಲ್ಲಿರುವ ಆ ಊರು ನೀರು ಅಗಲುವ ಎತ್ತರದ ಸೀಮೆಯಲ್ಲಿದೆ. ಅಲ್ಲಿ ಹುಟ್ಟುವ ಮೂಸಿಯು ಹೈದರಾಬಾದಿನ ಕಡೆಗೆ ಹರಿದು ಕೃಷ್ಣೆಯನ್ನು ಸೇರುವುದು. ತಾಂಡೂರಿನ ಕಾಗಿಣಾ ನದಿ ಪಶ್ಚಿಮಕ್ಕೆ ಹರಿದು ಭೀಮೆಯ ಮೂಲಕ ಅದೇ ಕೃಷ್ಣೆಯನ್ನು ಕೂಡುವುದು. ನಾರಾಯಣಖೇಡದ ಸೀಮೆಯ ಮಂಜೀರಾ ಗೋದಾವರಿಯ ಪಾಲು. ನೀರು ಇಳಿಜಾರನ್ನು ನೋಡಿ ಹರಿಯುತ್ತದೆ; ಅದರ ದಾರಿಯನ್ನು ನೆಲವು ಗೊತ್ತುಮಾಡುತ್ತದೆ. ರೈಲಿನ ದಾರಿಯನ್ನು ಗೊತ್ತುಮಾಡುವವರು ಮನುಷ್ಯರು. ಅವರು ಯಾರನ್ನು ಎಣಿಕೆಗೆ ತೆಗೆದುಕೊಂಡರೋ ಅವರಿಗೆ ದಾರಿ ಹತ್ತಿರವಾಯಿತು. ಯಾರನ್ನು ಬಿಟ್ಟರೋ ಅವರ ಮಕ್ಕಳು ಮೊಮ್ಮಕ್ಕಳವರೆಗೆ ಸುತ್ತಿ ನಡೆಯಬೇಕಾಯಿತು.

ಆದಕಾರಣ ವಿದ್ಯಾರ್ಥಿಗಳೇ, ಮುಂದಿನ ಸಲ ರೈಲನ್ನೇರಿದಾಗ ಕಿಟಕಿಯಿಂದ ಹಳಿಗಳು ಕವಲೊಡೆಯುವುದನ್ನು ಗಮನಿಸಿ ನೋಡಿರಿ. ಈ ದಾರಿ ಯಾರಿಗಾಗಿ ಬಂದಿತು, ಇದಕ್ಕೆ ಹಣ ಕೊಟ್ಟವರು ಯಾರು, ಯಾವ ಊರು ಹೊರಗುಳಿಯಿತು ಎಂದು ಕೇಳಿಕೊಳ್ಳಿರಿ. ಪೋಷಕರೂ ತಮ್ಮ ಹಿಂದಿನ ಪ್ರಯಾಣಗಳ ಅನುಭವವನ್ನು ಮಕ್ಕಳಿಗೆ ಹೇಳಲಿ. ನಾಳೆ ಇಂತಹ ದಾರಿಗಳನ್ನು ಗೊತ್ತುಮಾಡುವ ಮೇಜಿನ ಮುಂದೆ ನಮ್ಮ ಶಾಲೆಯ ಮಗುವೊಂದು ಕುಳಿತಿದ್ದರೆ, ನಾರಾಯಣಖೇಡದಂತಹ ಊರುಗಳು ಭೂಪಟದಲ್ಲಿ ಅದರ ಕಣ್ಣಿಗೆ ಬೀಳದೆ ಹೋಗವು.