ಎರಡು ಚೀಟಿ, ಒಂದೇ ದೇಹ

2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಮೇಲೊಂದು ಬಂದಾಗ ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ಬಂಧುಗಳು ತಪಾಸಣೆಗೆ ಧಾವಿಸಿದರು. ಹೊಳೆನರಸೀಪುರದ ನನ್ನ ಸೋದರಮಾವನವರೂ ಹಾಸನಕ್ಕೆ ಹೋದರು. ರಕ್ತದೊತ್ತಡ ಹೆಚ್ಚಿತ್ತು, ಎದೆಬಡಿತ ವೇಗವಾಗಿತ್ತು. ವೈದ್ಯರು ಮೆಟೊಪ್ರೊಲಾಲ್ ಎಂಬ ಬೀಟಾ ಬ್ಲಾಕರ್ ಮಾತ್ರೆ ಬರೆದರು. ಇಪ್ಪತ್ತು ವರ್ಷಗಳಿಂದ ಮೂರ್ಛೆರೋಗಕ್ಕೆ ಫೆನಿಟಾಯಿನ್ ಸೇವಿಸುತ್ತಿರುವುದನ್ನು ಮಾವನವರು ಹೇಳಲಿಲ್ಲ. ಆ ಕಾಯಿಲೆಯ ಹೆಸರೆತ್ತಲು ನಮ್ಮಲ್ಲಿ ಇಂದಿಗೂ ಸಂಕೋಚ.

ಆ ಸಂಕೋಚವೇ ತೊಡಕಾಯಿತು. ಫೆನಿಟಾಯಿನ್, ಕಾರ್ಬಮಜೆಪಿನ್, ಫೆನೋಬಾರ್ಬಿಟಾಲ್‌ಗಳು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತವೆ. ಅಲ್ಲಿಯೇ ವಿಘಟನೆಗೊಳ್ಳುವ ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್‌ಗಳ ಪ್ರಭಾವ ಆಗ ಕುಗ್ಗಬಹುದು. ಅದನ್ನರಿಯದೆ ಪ್ರಮಾಣ ಹೆಚ್ಚಿಸಿ, ಮುಂದೆ ಮೂರ್ಛೆಯ ಮಾತ್ರೆ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ನಾಡಿ ಅತಿಯಾಗಿ ನಿಧಾನವಾದೀತು. ಮುಖ್ಯವಾಗಿ ಮೂತ್ರಪಿಂಡದ ಮೂಲಕ ಹೊರಹೋಗುವ ಅಟೆನೊಲಾಲ್‌ಗೆ ಈ ತೊಂದರೆ ಕಡಿಮೆ.

ಎರಡನೆಯ ಭೇಟಿಯಲ್ಲೂ ಒತ್ತಡ ಇಳಿದಿರಲಿಲ್ಲ. ಅತ್ತೆ ಹಳೆಯ ಚೀಟಿಯನ್ನು ಮೇಜಿನ ಮೇಲಿಟ್ಟರು. ವೈದ್ಯರು ಓದಿ, ಹೃದಯದ ಮಾತ್ರೆಯನ್ನು ಬದಲಿಸಿದರು.

ಎರಡರಲ್ಲಿ ಯಾವುದನ್ನೂ ನಾವಾಗಿಯೇ ನಿಲ್ಲಿಸಕೂಡದು. ಥಟ್ಟನೆ ಬಿಟ್ಟರೆ ಮೂರ್ಛೆಯೋ ಎದೆನೋವೋ ಮರುಕಳಿಸಬಹುದು. ವೈದ್ಯರು ಕೇಳಬೇಕು, ನಿಜ. ಕೇಳದಿದ್ದರೂ ನಾವು ಹೇಳಬೇಕು. ಹಳೆಯ ಚೀಟಿ ಮನೆಯ ಗೂಡಿನಲ್ಲಲ್ಲ, ಕೈಚೀಲದಲ್ಲಿರಲಿ.