ಬೆಳಕಿಗೂ ಶಬ್ದಕ್ಕೂ ದಾರಿ ತೋರುವ ‘ಮೆಟಾಮೆಟೀರಿಯಲ್’

ನೀರಿನಲ್ಲಿ ಅದ್ದಿದ ಕಡ್ಡಿ ಮುರಿದಂತೆ ಕಾಣುವುದು ಬೆಳಕು ಬಾಗುವುದರಿಂದ. ಈ ವಕ್ರೀಭವನ ವಿರುದ್ಧ ದಿಕ್ಕಿನಲ್ಲಿಯೂ ಸಾಧ್ಯವೆಂದು ಸೋವಿಯತ್ ಭೌತವಿಜ್ಞಾನಿ ವಿಕ್ಟರ್ ವೆಸೆಲಾಗೊ 1967ರಲ್ಲಿ ಪ್ರತಿಪಾದಿಸಿದರು. ಆದರೆ ಅಂಥ ವಸ್ತು ನಿಸರ್ಗದಲ್ಲಿ ದೊರೆಯಲಿಲ್ಲ.

ಅದನ್ನು ರಚಿಸುವ ಉಪಾಯ ಸೂಚಿಸಿದವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಜಾನ್ ಪೆಂಡ್ರಿ. ತರಂಗದ ಉದ್ದಕ್ಕಿಂತ ಚಿಕ್ಕದಾದ ಲೋಹದ ತಂತಿ, ಉಂಗುರಗಳನ್ನು ಸಾಲಾಗಿ ಜೋಡಿಸಿದರೆ ಇಡೀ ಜೋಡಣೆ ಹೊಸ ಗುಣವುಳ್ಳ ಒಂದೇ ವಸ್ತುವಿನಂತೆ ವರ್ತಿಸುತ್ತದೆ. ಇದೇ ಮೆಟಾಮೆಟೀರಿಯಲ್. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ, ಹೊಳೆಯ ನೀರು ಬಂಡೆಯನ್ನು ಬಳಸಿ ಹರಿಯುವಂತೆ, ಮೈಕ್ರೋವೇವ್ ತರಂಗಗಳನ್ನು ತಾಮ್ರದ ಸಿಲಿಂಡರಿನ ಸುತ್ತ ಹಾಯಿಸಿ ಅದನ್ನು ಬಹುಮಟ್ಟಿಗೆ ಮರೆಮಾಚಿತು.

ಶಬ್ದಕ್ಕೂ ಇದೇ ಸೂತ್ರ. ರಬ್ಬರ್ ಹೊದಿಸಿದ ಸೀಸದ ಗುಂಡುಗಳನ್ನು ಎಪಾಕ್ಸಿಯಲ್ಲಿ ಹುದುಗಿಸಿದ ಫಲಕ ಕೆಳಸ್ಥಾಯಿಯ ಕೆಲವು ಶಬ್ದಗಳನ್ನು ತಡೆಯುತ್ತದೆಂದು ಹಾಂಗ್‌ಕಾಂಗ್ ಸಂಶೋಧಕರು 2000ದಲ್ಲಿ ತೋರಿಸಿದರು. ಸಾಮಾನ್ಯ ಗೋಡೆಯಾದರೆ ಇದಕ್ಕೆ ಬಹಳ ದಪ್ಪವಿರಬೇಕು.

ಹಾಗಾದರೆ ಮನುಷ್ಯನನ್ನೇ ಅದೃಶ್ಯಗೊಳಿಸಬಹುದೇ? ಸದ್ಯಕ್ಕಿಲ್ಲ. ಮೈಕ್ರೋವೇವ್ ತರಂಗದ ಉದ್ದ ಸೆಂಟಿಮೀಟರುಗಳಲ್ಲಿದ್ದರೆ ಕಾಣುವ ಬೆಳಕಿನದು ಕೇವಲ 400ರಿಂದ 700 ನ್ಯಾನೊಮೀಟರ್; ಘಟಕಗಳು ಅದಕ್ಕಿಂತಲೂ ಚಿಕ್ಕದಿರಬೇಕು. ಮೇಲಾಗಿ ಲೋಹ ಬೆಳಕನ್ನು ಹೀರಿಕೊಳ್ಳುತ್ತದೆ; ಒಂದು ರಚನೆ ಎಲ್ಲ ಬಣ್ಣಗಳಿಗೂ ಒಗ್ಗುವುದಿಲ್ಲ. ಆದ್ದರಿಂದಲೇ ಮಾಯಾ ಹೊದಿಕೆಗಿಂತ ಮೊದಲು ಬಳಕೆಗೆ ಬಂದಿರುವುದು ಚಪ್ಪಟೆ ಮಸೂರ, ಆಂಟೆನಾ ಹಾಗೂ ಶಬ್ದ ತಡೆಯುವ ಫಲಕಗಳು.